ಸಂತಪುರದ ಘಾಳೆಪ್ಪ ಉಲ್ಲೇಖ ಪಟ್ಟಿಯಲ್ಲಿ ಮೂವರಾದದ್ದು

ವಿಜ್ಞಾನ ಪತ್ರಿಕೆಗಳ ಕಚೇರಿಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಈಗಲೂ ಒಮ್ಮೊಮ್ಮೆ ಬೀದರಿನ ನನ್ನ ಮನೆ ಹುಡುಕಿಕೊಂಡು ಬರುತ್ತಾರೆ. “ಸರ್, ಉಲ್ಲೇಖ ಪಟ್ಟಿ ಹ್ಯಾಂಗ ಮಾಡ್ಬೇಕು ಸ್ವಲ್ಪ ಹೇಳ್ರಿ” ಎನ್ನುತ್ತಾರೆ. ಯಾವ ಮಾತನ್ನು ಯಾರ ಪುಸ್ತಕದಿಂದ, ಯಾರ ಲೇಖನದಿಂದ ತೆಗೆದುಕೊಂಡೆವು ಎಂದು ಲೇಖನದ ಕೊನೆಗೆ ಸಣ್ಣ ಅಕ್ಷರದಲ್ಲಿ ಹಾಕುವ ಯಾದಿಗೆ ಉಲ್ಲೇಖ ಪಟ್ಟಿ ಎಂದು ಹೆಸರು. ನೌಕರಿ ಪೂರ್ತಿ ನಾನು ತಿದ್ದಿದ್ದು ಅದನ್ನೇ. ಅದನ್ನು ಓದುವವರು ಜಗತ್ತಿನಲ್ಲಿ ಇಬ್ಬರೇ: ತನ್ನ ಹೆಸರು ಇದೆಯೋ ಇಲ್ಲವೋ ಎಂದು ನೋಡುವವನು ಒಬ್ಬ, ತಪ್ಪು ಹುಡುಕಲು ಸಂಬಳ ತಿನ್ನುವವನು ಇನ್ನೊಬ್ಬ. ಮೂರನೆಯವನನ್ನು ನಾನಂತೂ ಕಂಡಿಲ್ಲ.

ನಿಯಮ ಕಲಿಯಲು ಅರ್ಧ ದಿನ ಸಾಕು, ಯಾವ ಜಾಣನಾದರೂ ಕಲಿಯುತ್ತಾನೆ. ಆದರೆ ಆ ನಿಯಮವನ್ನು ತಪ್ಪಿಲ್ಲದೆ ಪಾಲಿಸಿಯೇ ನಾನು ಒಬ್ಬ ಒಳ್ಳೆಯ ಮನುಷ್ಯನ ನೌಕರಿ ಕಳೆದೆ. ಅದನ್ನು ಬಂದವರಿಗೆ ಬಾಯಿಬಿಟ್ಟು ಹೇಳಲು ಆಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಭಾಲ್ಕಿಯವನು, ಓದಿದ್ದು ಉರ್ದು ಸಾಲಿಯಲ್ಲಿ. ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಬೀದರಿನ ಒಂದು ಬೇಸಾಯ ಸಂಶೋಧನೆಯ ಕಚೇರಿಗೆ ನಕಲು ಕಾರಕೂನನಾಗಿ ಸೇರಿದೆ. ಅಲ್ಲಿಂದ ಮೂರು ತಿಂಗಳಿಗೊಮ್ಮೆ ಉರ್ದುವಿನಲ್ಲಿ ಒಂದು ಪತ್ರಿಕೆ ಹೊರಡುತ್ತಿತ್ತು. ಅದರ ಸಂಪಾದಕರು ವಯಸ್ಸಾದ ಒಬ್ಬ ಮೌಲ್ವಿ ಸಾಹೇಬರು. ಗಡ್ಡದಷ್ಟೇ ಬಿಳಿಯ ಶೇರವಾನಿ, ಬಾಯಲ್ಲಿ ಸದಾ ಪಾನು.

ಮೌಲ್ವಿ ಸಾಹೇಬರ ಕಾಲದ ಉಲ್ಲೇಖಕ್ಕೆ ಪುಟವಿರಲಿಲ್ಲ, ಸಂಪುಟವಿರಲಿಲ್ಲ, ಮರ್ಯಾದೆ ಮಾತ್ರ ಬೇಕಾದಷ್ಟಿತ್ತು. ಯಾರದಾದರೂ ಪುಸ್ತಕದ ಮಾತು ಹೇಳಬೇಕಾದರೆ ಮೊದಲು ಅವರ ಬಿರುದು, ಆಮೇಲೆ ಹುದ್ದೆ, ಆಮೇಲೆ ಅವರ ಆಯುಸ್ಸು ಹೆಚ್ಚಲೆಂಬ ಹಾರೈಕೆ. ಇಷ್ಟಾಗುವ ಹೊತ್ತಿಗೆ ಅವರು ಹೇಳಿದ್ದೇನೆಂಬುದು ನಮಗೂ ಮರೆತಿರುತ್ತಿತ್ತು. ಒಮ್ಮೆ ಧೈರ್ಯ ಮಾಡಿ, ಆ ಮಾತು ಯಾವ ಪುಟದಲ್ಲಿದೆ ಎಂದು ಕೇಳಿದೆ.

“ಏ ಮಾಣಿಕಪ್ಪ, ದೊಡ್ಡವರ ಮಾತಿಗಿ ಪುಟದ ನಂಬರ ಕೇಳ್ತಾರೇನೋ? ಬೇಅದಬಿ ಆಗ್ತದ, ಅಮರ್ಯಾದಿ” ಎಂದು ಗದರಿದರು.

ಹೆಸರುಗಳನ್ನು ಜೋಡಿಸುವುದು ಹುದ್ದೆಯ ಪ್ರಕಾರ. ಸೂಬೇದಾರರು ಮೊದಲು, ತಾಲೂಕಿನ ಸಾಹೇಬರು ನಂತರ, ವಿಜ್ಞಾನಿಗಳು ಜಾಗ ಉಳಿದರೆ. ಹೊಲದ ಬದಿಯ ಬಾವಿಯ ಬಗ್ಗೆ ಒಬ್ಬ ತಹಸೀಲ್ದಾರರು ಒಂದೂವರೆ ಪುಟ ಬರೆದಿದ್ದರು. ಪಟ್ಟಿಯಲ್ಲಿ ಅವರು ವಿಲಾಯತಿಯ ದೊಡ್ಡ ಪಂಡಿತರಿಗಿಂತ ಮೂರು ಸಾಲು ಮೇಲೆ ಕೂತಿದ್ದರು. ಕಲ್ಲಚ್ಚಿಗೆ ಕೈಬರಹ ಬರೆಯುವ ಕಾತಿಬನಂತೂ ಪುಟದ ಕೊನೆಗೆ ಜಾಗ ಸಾಲದಿದ್ದರೆ ನಾಲ್ಕು ಉಲ್ಲೇಖ ನುಂಗಿಬಿಡುತ್ತಿದ್ದ, ಜಾಗ ಉಳಿದರೆ ಒಂದು ಶೇರ್, ಎಂದರೆ ಎರಡು ಸಾಲಿನ ಉರ್ದು ಪದ್ಯ, ಬರೆದು ತುಂಬುತ್ತಿದ್ದ. ಓದುಗರಿಂದ ಹೊಗಳಿಕೆಯ ಕಾಗದ ಬಂದದ್ದೆಲ್ಲ ಆ ಶೇರ್‌ಗಳಿಗೇ.

ಘಾಳೆಪ್ಪನವರ ಪರಿಚಯವಾದದ್ದು ಆಗಲೇ. ಔರಾದ ತಾಲೂಕಿನ ಸಂತಪುರದವರು, ನಮ್ಮ ಕಚೇರಿಯ ಪ್ರಯೋಗದ ಹೊಲಕ್ಕೆ ಕಾಮದಾರರು. ಬಿತ್ತನೆಯಿಂದ ರಾಶಿಯವರೆಗೆ ಹೊಲ ನೋಡಿಕೊಳ್ಳುವ ಕೆಲಸ. ನನಗಿಂತ ಹತ್ತು ವರ್ಷ ಹಿರಿಯರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ, ಅವರು ನನ್ನನ್ನು ತಮ್ಮಾ ಎನ್ನುತ್ತಿದ್ದರು. ಬೀದರಿನಲ್ಲಿ ಒಬ್ಬನೇ ಅಡುಗೆ ಮಾಡಿಕೊಂಡಿದ್ದ ನನಗೆ ವಾರಕ್ಕೆರಡು ಸಲ ಅವರ ಬುತ್ತಿಯ ರೊಟ್ಟಿಯಲ್ಲಿ ಪಾಲಿರುತ್ತಿತ್ತು.

ಆ ಸೀಮೆಯಲ್ಲಿ ತೊಗರಿ ಗಿಡ ಹೂ ಬಿಡುವ ಹೊತ್ತಿಗೆ ನಿಂತಲ್ಲೇ ಒಣಗುವ ರೋಗ ಹಳೆಯದು. ಜೋಳದ ಸಾಲಿನ ನಡುವೆ ಬಿತ್ತಿದ ತೊಗರಿ ಅಷ್ಟು ಸಾಯುವುದಿಲ್ಲ ಎಂಬುದನ್ನು ಘಾಳೆಪ್ಪ ಕಂಡುಕೊಂಡಿದ್ದರು. ಬರಿ ಕಾಣುವುದಲ್ಲ, ಎಣಿಸಿದ್ದರು. ಒಣಗಿದ ಗಿಡಕ್ಕೊಂದು ಹುಣಸೆಬೀಜದಂತೆ, ಬರಿ ತೊಗರಿಯ ಹೊಲಕ್ಕೊಂದು ಗಡಿಗೆ, ಜೋಳ ಬೆರೆಸಿದ ಹೊಲಕ್ಕೊಂದು ಗಡಿಗೆ. ಮೂರು ಹಂಗಾಮು ಹೀಗೆ ಮಾಡಿ, ಆರು ಗಡಿಗೆಗಳನ್ನು ಬಂಡಿಯಲ್ಲಿಟ್ಟುಕೊಂಡು ಕಚೇರಿಗೆ ತಂದರು.

“ನಾ ಏನ್ ಹೊಸಾದು ಹೇಳೀನ್ರಿ ಸಾಹೇಬ್ರ? ಜ್ವಾಳದ ಜೋಡಿ ಇದ್ದ ತೊಗರಿ ಸಾಯಲ್ಲಂತ ನಮ್ಮ ಆಯಿ ಹೇಳ್ತಿದ್ಳು. ನಾ ಎಣಿಸೀನಿ, ಅಷ್ಟ” ಎಂದರು. ಆಯಿ ಎಂದರೆ ಅವರ ಅಜ್ಜಿ.

“ಎಣಿಸೋದ ವಿದ್ಯಾ, ಘಾಳೆಪ್ಪ. ಉಳಿದದ್ದೆಲ್ಲಾ ಗಪ್ಪಾ” ಎಂದು ಮೌಲ್ವಿ ಸಾಹೇಬರು ಬೀಜ ಲೆಕ್ಕ ಮಾಡಿಸಿ, ಘಾಳೆಪ್ಪ ಕನ್ನಡದಲ್ಲಿ ಹೇಳಿದ್ದನ್ನು ತಾವೇ ಉರ್ದುವಿನಲ್ಲಿ ಬರೆದರು. ಪಕ್ಕದಲ್ಲಿ ಕೂತು ಸಾಫು ನಕಲು ಮಾಡಿದವನು ನಾನು. ಸರ್ಕಾರಿ ಕಾಗದಗಳಲ್ಲಿ ಆಗ ಎಲ್ಲರ ಹೆಸರೂ ಇರುತ್ತಿದ್ದ ಹಾಗೆ, ಲೇಖನದ ಕೆಳಗೆ ‘ಘಾಳೆಪ್ಪ ವಲ್ದ ಶರಣಪ್ಪ’ ಎಂದು ಬಂತು. ವಲ್ದ ಎಂದರೆ ‘ಇಂಥವರ ಮಗ’. ಮರುವರ್ಷ ಔರಾದದ ಒಬ್ಬ ಮಾಸ್ತರರು ತೊಗರಿಯ ಮೇಲಿನ ಘಾಳೆಪ್ಪನವರ ಇನ್ನೊಂದು ಬರಹವನ್ನು ಮರಾಠಿಗೆ ತಿರುಗಿಸಿ ಒಂದು ಬೇಸಾಯದ ಮಾಸಿಕಕ್ಕೆ ಕಳಿಸಿದರು. ಆ ಕಡೆಯ ಪದ್ಧತಿಯಂತೆ ಊರಿನ ಹೆಸರೇ ಅಡ್ಡಹೆಸರಾಗಿ ‘ಘಾಳಪ್ಪಾ ಶರಣಪ್ಪಾ ಸಂತಪುರೆ’ ಎಂದು ಅಚ್ಚಾಯಿತು. ನಮಗಾರಿಗೂ ಅದರಲ್ಲಿ ವಿಶೇಷ ಕಾಣಲಿಲ್ಲ. ನನಗೇ ಸರ್ಕಾರಕ್ಕೊಂದು, ಮನೆಗೊಂದು, ಮರಾಠಿ ಬೀಗರಿಗೊಂದು ಎಂದು ಮೂರು ಹೆಸರಿದ್ದವು.

ಆಮೇಲೆ ಪೊಲೀಸ್ ಆ್ಯಕ್ಷನ್ ಆಯಿತು, ನಿಜಾಮರ ಆಳ್ವಿಕೆ ಮುಗಿಯಿತು. ಎಷ್ಟೋ ದಿನ ಕಚೇರಿಯ ಬಾಗಿಲು ತೆರೆಯಲಿಲ್ಲ. ತೆರೆದಾಗ ಮೌಲ್ವಿ ಸಾಹೇಬರ ಕುರ್ಚಿ ಖಾಲಿ ಇತ್ತು. ಮನೆಮಂದಿಯನ್ನು ಕರೆದುಕೊಂಡು ಊರು ಬಿಟ್ಟರೆಂದು ಒಬ್ಬರು, ಹಾಗಲ್ಲ ಎಂದು ಇನ್ನೊಬ್ಬರು. ಆ ದಿನಗಳಲ್ಲಿ ನಮ್ಮ ಸೀಮೆಯಲ್ಲಿ ಏನೇನಾಯಿತೆಂದು ಗೊತ್ತಿದ್ದವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳಬೇಕಿತ್ತು. ನನ್ನ ಕೈಬರಹ ತಿದ್ದಿದವರು ಅವರು. ಅವರ ಪಾನಿನ ಡಬ್ಬಿ ಬಹಳ ದಿನ ಮೇಜಿನ ಮೇಲೆಯೇ ಇತ್ತು, ಆಮೇಲೆ ಯಾರೋ ಒಯ್ದರು.

ಅವರ ಜಾಗಕ್ಕೆ ಮದರಾಸ್ ಪ್ರಾಂತದ ಕರಾವಳಿಯ ಕಡೆಯಿಂದ ವಿಜ್ಞಾನದ ಡಾಕ್ಟರರೊಬ್ಬರು ಬಂದರು. ಕನ್ನಡವನ್ನು ಪುಸ್ತಕದ ಹಾಗೆ ಮಾತಾಡುತ್ತಿದ್ದರು. ಪತ್ರಿಕೆ ರಾತ್ರಿ ಬೆಳಗಾಗುವುದರೊಳಗೆ ಇಂಗ್ಲಿಷ್ ಆಯಿತು. ಅವರ ಕೈಯಲ್ಲಿ ಒಂದು ತೆಳು ನಿಯಮಾವಳಿ ಇತ್ತು: ಲೇಖಕನ ಹೆಸರಿನ ಕೊನೆಯ ಪದ ಮೊದಲು, ಆಮೇಲೆ ಕಾಮಾ, ಆಮೇಲೆ ಉಳಿದ ಹೆಸರಿನ ಮೊದಲಕ್ಷರಗಳು, ಆವರಣದೊಳಗೆ ಇಸವಿ, ಲೇಖನದ ಹೆಸರು, ಪತ್ರಿಕೆಯ ಹೆಸರು ಮೊಟಕು ಮಾಡಿ ಓರೆ ಅಕ್ಷರದಲ್ಲಿ, ಸಂಪುಟ ದಪ್ಪಕ್ಷರದಲ್ಲಿ, ಪುಟ ತೆಳು ಅಕ್ಷರದಲ್ಲಿ. ಒಂದು ಕಾಮಾ ತಪ್ಪಿದರೆ ಊಟ ಬಿಡುವ ಮನುಷ್ಯ. ನಾವು ಅವರಿಗೆ ಕಾಮಾ ಸಾಹೇಬರು ಎಂದೇ ಹೆಸರಿಟ್ಟೆವು, ನಿಜವಾದ ಹೆಸರು ಇಲ್ಲಿ ಬೇಡ.

ಊರ ನಡುವಿನ ಚೌಬಾರಾ ಬುರುಜಿನ ಹತ್ತಿರದ ಛಾಪಖಾನೆಯಲ್ಲಿ ಆಗ ಅಚ್ಚಾಗುತ್ತಿದ್ದುದು ಲಗ್ನಪತ್ರಿಕೆ ಮತ್ತು ಸಿನಿಮಾ ಜಾಹೀರಾತು. ಓರೆ ಅಕ್ಷರ ಎಲ್ಲಿಂದ ತರಬೇಕು? ಲಗ್ನಪತ್ರಿಕೆಗೆಂದು ತರಿಸಿದ ಬಳ್ಳಿ ಬಳ್ಳಿಯ ಇಂಗ್ಲಿಷ್ ಅಕ್ಷರಗಳನ್ನೇ ಹಾಕಿದರು. ಮಣ್ಣು, ಗೊಬ್ಬರ, ಕೀಟಗಳ ಪತ್ರಿಕೆಗಳ ಹೆಸರೆಲ್ಲ ಮದುವೆಗೆ ಕರೆಯುವ ಹಾಗೆ ಕಾಣುತ್ತಿದ್ದವು. ಎರಡನೆಯ ಸಂಚಿಕೆಯ ಹೊತ್ತಿಗೆ ಅಕ್ಷರ ಜೋಡಿಸುವ ಹಲಬರ್ಗಾದ ಗುಂಡಪ್ಪ ಕಚೇರಿಗೇ ಬಂದ.

“ಸಾಹೇಬ್ರ, ನಮ್ಮಲ್ಲಿ ಇದ್ದ ಕಾಮಾ ಎಲ್ಲಾ ಖಲಾಸ್ ಆಗ್ಯಾವ್ರಿ. ಪೂರ್ಣವಿರಾಮ ಬೇಕಾದಷ್ಟವ, ಅವು ನಡೀತಾವೇನ್ರಿ?”

ಕಾಮಾ ಸಾಹೇಬರು ಆ ದಿನ ಮಧ್ಯಾಹ್ನ ಊಟ ಮಾಡಲಿಲ್ಲ.

ನನ್ನದೂ ಒಂದು ಘನಕಾರ್ಯವಿದೆ. ನಿಜಾಮರ ಸರ್ಕಾರದಲ್ಲಿ ನಡೆಯುತ್ತಿದ್ದುದು ಫಸಲಿ ಇಸವಿ. ಅದಕ್ಕೆ ಐನೂರ ತೊಂಬತ್ತು ಕೂಡಿಸಿದರೆ ಇಂಗ್ಲಿಷ್ ಇಸವಿ, ತಿಂಗಳು ನೋಡಿ ಕೆಲವೊಮ್ಮೆ ಒಂದು ಹೆಚ್ಚು. ಹಳೆಯ ಉಲ್ಲೇಖಗಳನ್ನೆಲ್ಲ ಹೀಗೆ ಬದಲಿಸಲು ಸಾಹೇಬರು ಹೇಳಿದರು. ನಾನು ಹುರುಪಿನಲ್ಲಿ ಕೂಡಿಸುತ್ತಾ ಹೋದೆ, ಮೊದಲೇ ಇಂಗ್ಲಿಷ್ ಇಸವಿ ಇದ್ದ ವಿಲಾಯತಿ ಪುಸ್ತಕಗಳಿಗೂ ಕೂಡಿಸಿದೆ. ಒಬ್ಬ ಇಂಗ್ಲಿಷ್ ಪಂಡಿತ ಇಪ್ಪತ್ತಾರನೆಯ ಶತಮಾನದಲ್ಲಿ ಹತ್ತಿಯ ಹುಳದ ಬಗ್ಗೆ ಬರೆದನೆಂದು ಅಚ್ಚಾಯಿತು. ಕಾಮಾ ಸಾಹೇಬರು ಕರಡನ್ನು ನಾಲ್ಕು ಸಲ ನೋಡಿ ಸಹಿ ಹಾಕಿದ್ದರು. ಕಾಮಾ ಎಲ್ಲವೂ ಸರಿಯಾಗಿದ್ದವು.

ಆ ಹೊತ್ತಿಗೆ ಘಾಳೆಪ್ಪನವರ ಮೂರನೆಯ ಲೇಖನ ಬಂತು. ಇದು ಅವರು ಹೇಳಿದ್ದನ್ನು ಕಚೇರಿಯಲ್ಲೇ ಇಂಗ್ಲಿಷಿಗೆ ತಿರುಗಿಸಿದ್ದು, ‘ಎಸ್. ಘಾಳೆಪ್ಪ’ ಎಂಬ ಹೆಸರಿನಲ್ಲಿ. ಕರಡು ತೋರಿಸಿದಾಗ ಅವರು ಕೇಳಿದ್ದು ಒಂದೇ ಮಾತು.

“ನಮ್ಮ ಆಯಿ ಹೆಸರು ಪಟ್ಟಿಯಾಗ ಹಾಕ್ರಿ ಸಾಹೇಬ್ರ. ಮಾತು ಆಕಿದದ.”

“ಮುದ್ರಣವಾಗದ ಮಾತು ಉಲ್ಲೇಖವಾಗುವುದಿಲ್ಲ” ಎಂದರು ಕಾಮಾ ಸಾಹೇಬರು. ಅದೇ ಸಂಚಿಕೆಯಲ್ಲಿ ಅವರದೇ ಲೇಖನವೂ ಇತ್ತು. ಜೀಪಿನಲ್ಲಿ ಹೋಗುವಾಗ ಒಬ್ಬ ಮೇಲಧಿಕಾರಿ ಆಡಿದ ಮಾತು ಅದರ ಪಟ್ಟಿಯಲ್ಲಿ ‘ಖಾಸಗಿ ಸಂಭಾಷಣೆ’ ಎಂದು ರಾಜಾರೋಷವಾಗಿ ಕೂತಿತ್ತು. ಅಜ್ಜಿಗೆ ಜೀಪು ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಮುಂದೆ ಕಾಮಾ ಸಾಹೇಬರು ತೊಗರಿಯ ರೋಗದ ಮೇಲೆ ತಮ್ಮ ಜೀವಮಾನದ ದೊಡ್ಡ ಲೇಖನಕ್ಕೆ ಕೈ ಹಾಕಿದರು. ಪಟ್ಟಿ ಮಾಡಿದವನು ನಾನು. ಕೊನೆಯ ಪದ ಮೊದಲು ಎಂಬ ನಿಯಮದಂತೆ ಉರ್ದು ಲೇಖನ ‘ಶರಣಪ್ಪ, ಜಿ. ವಿ.’ ಎಂದಾಯಿತು. ವಿ. ಎಂದರೆ ವಲ್ದ. ಬದುಕಿದ್ದಾಗ ಒಂದು ಕಾಗದ ಬರೆಯದ ಶರಣಪ್ಪನವರು ಸತ್ತ ಮೇಲೆ ವಿಜ್ಞಾನಿಯಾದರು. ಮರಾಠಿ ಬರಹ ‘ಸಂತಪುರೆ, ಜಿ. ಎಸ್.’ ಆಯಿತು. ಇಂಗ್ಲಿಷಿನದು ‘ಘಾಳೆಪ್ಪ, ಎಸ್.’ ಮೂರೂ ಒಬ್ಬರವೇ ಎಂದು ನಾನು ಹೇಳಲಿಲ್ಲ ಎಂದುಕೊಳ್ಳಬೇಡಿ, ಆಗ ಹೇಳಿದ್ದೆ.

“ಹೆಸರು ಅಚ್ಚಾದ ಹಾಗೆಯೇ ಇರಬೇಕು, ಮಾಣಿಕಪ್ಪ. ನಿಮಗೆ ಗೊತ್ತಿರುವುದು ನನಗೆ ಬೇಡ” ಎಂದರು.

ನಾನು ಪಟ್ಟಿಯನ್ನು ಹಾಗೆಯೇ ಬರೆದುಕೊಟ್ಟೆ. ಎರಡು ದಿನ ಬಿಟ್ಟು ಬಂದ ಅವರ ಕರಡಿನಲ್ಲಿ ಒಂದು ಹೊಸ ವಾಕ್ಯವಿತ್ತು. ಜೋಳದ ನಡುವಿನ ತೊಗರಿ ಉಳಿಯುತ್ತದೆಂಬ ತಮ್ಮ ಸಿದ್ಧಾಂತವನ್ನು ಬೀದರ ಸೀಮೆಯ ಮೂವರು ಸಂಶೋಧಕರು ಒಬ್ಬರಿಗೊಬ್ಬರು ಸಂಬಂಧವಿಲ್ಲದೆ, ಸ್ವತಂತ್ರವಾಗಿ ದೃಢಪಡಿಸಿದ್ದಾರೆ ಎಂದು. ಒಬ್ಬ ಕಾಮದಾರ ಎಣಿಸಿದ ಅಂದರೆ ಯಾರು ಕೇಳುತ್ತಾರೆ? ಮೂವರು ಎಂದರೆ ತೂಕ ಬರುತ್ತದೆ. ನನಗೆ ನಗು ಬಂತು. ನಗಬಾರದಿತ್ತು.

ಯಾಕೆಂದರೆ ಅದೇ ತಿಂಗಳು ಹೈದರಾಬಾದಿನಿಂದ ಸುತ್ತೋಲೆ ಬಂತು. ಹಳೆಯ ಸರ್ಕಾರದ ನೌಕರರನ್ನೆಲ್ಲ ಜರಡಿ ಹಿಡಿಯುತ್ತಾರಂತೆ. ಸಂಶೋಧನೆಯ ಕಚೇರಿಯ ಹೊಲದ ಕೆಲಸದವರಲ್ಲಿ ಯಾರ ಹೆಸರಿನಲ್ಲಿ ಮೂರು ಲೇಖನಗಳು ಉಲ್ಲೇಖವಾಗಿವೆಯೋ ಅವರು ಸಹಾಯಕರಾಗಿ ಕಾಯಂ. ಉಳಿದವರು ನಾಳೆಯಿಂದ ದಿನಗೂಲಿ. ಹೊಲ ಉಳುವವನಿಗೆ ಇಂಥ ಪರೀಕ್ಷೆ ಇಟ್ಟವನ ಮೆದುಳಿಗೆ ನಮಸ್ಕಾರ. ಆದರೂ ಘಾಳೆಪ್ಪ ನಿಶ್ಚಿಂತೆಯಾಗಿದ್ದರು.

“ಮೂರ ಅದಾವಲ್ಲೋ ತಮ್ಮಾ, ಸರಿಯಾಗಿ ಮೂರ! ಯಾರೋ ನನ್ನ ಹೊಲ ನೋಡೇ ಕಾನೂನ ಮಾಡ್ಯಾರ” ಎಂದು ನಕ್ಕರು.

ತಪಾಸಣೆಗೆ ಬಂದ ಅಧಿಕಾರಿ ನಮ್ಮ ಸೀಮೆಯವರಲ್ಲ. ಉರ್ದು ಓದಲು ಬಾರದು, ಕನ್ನಡ ಬಾರದು. ಅವರು ಇಂಗ್ಲಿಷಿನಲ್ಲಿ ಕೇಳಿದ್ದನ್ನು ಕಾಮಾ ಸಾಹೇಬರು ಕನ್ನಡಕ್ಕೆ ಹೇಳುತ್ತಿದ್ದರು. ಉಲ್ಲೇಖ ಪಟ್ಟಿ ಮೇಜಿನ ಮೇಲಿತ್ತು. ಕಡತ ತೆಗೆದುಕೊಡಲು ನಾನು ಬದಿಗೆ ನಿಂತಿದ್ದೆ. ಘಾಳೆಪ್ಪ ಒಗೆದ ಧೋತರ ಉಟ್ಟು, ರುಮಾಲು ಸುತ್ತಿ ಬಂದಿದ್ದರು.

“ಇದರಲ್ಲಿ ನಿಮ್ಮ ಲೇಖನ ಯಾವುದು?”

“ಈ ಮೂರೂ ನನ್ನವೇರಿ.”

“ಶರಣಪ್ಪ ಎಂದರೆ ಯಾರು?”

“ನಮ್ಮಪ್ಪರಿ.”

“ಸಂತಪುರೆ?”

“ಅದು ನಮ್ಮೂರ್ರಿ.”

ಅಧಿಕಾರಿ ನಕ್ಕರು. ಒಂದು ತಂದೆಯದು, ಇನ್ನೊಂದು ಊರಿನದು, ಹಾಗಾದರೆ ನಿಮ್ಮದು ಒಂದೇ ಆಯಿತಲ್ಲ ಎಂದರು. ಅದನ್ನು ಕಾಮಾ ಸಾಹೇಬರು ಒಂದು ಕಾಮಾ ಕೂಡ ಬಿಡದೆ ಕನ್ನಡಕ್ಕೆ ಹೇಳಿದರು. ಘಾಳೆಪ್ಪ ಗಾಬರಿಯಾದರು. ಅವರು ಹೇಳಿದ್ದೆಲ್ಲ ನಿಜ. ಪ್ರತಿ ನಿಜದಿಂದಲೂ ಒಂದೊಂದು ಲೇಖನ ಕೈಬಿಟ್ಟು ಹೋಗುತ್ತಿತ್ತು.

“ಮೊದಲಿನ ಲೇಖನ ಮೌಲ್ವಿ ಸಾಹೇಬರು ಬರದಾರ್ರಿ. ನಾ ಹೇಳೀನಿ, ಅವರು ಬರದಾರ.”

ಅವರನ್ನು ಕರೆಸಿ ಎಂದರು ಅಧಿಕಾರಿ. ಆಗ ಘಾಳೆಪ್ಪ ನನ್ನ ಕಡೆ ತಿರುಗಿದರು.

“ಈ ತಮ್ಮಗ ಕೇಳ್ರಿ. ಬರಿಯುವಾಗ ಇಂವ ಬಾಜೂಕ ಕುಂತಿದ್ದ. ಸಾಫ್ ನಕಲು ಇವನೇ ಮಾಡ್ಯಾನ. ಹೇಳೋ ತಮ್ಮಾ, ಮೂರೂ ನಾನೇ ಅಂತ.”

ಮೇಜಿನ ಮೇಲೆ ಘಾಳೆಪ್ಪನವರ ಕಡತದ ಕೆಳಗೆ ಇದ್ದದ್ದು ನನ್ನ ಕಡತ. ನಾನೂ ಹಳೆಯ ಸರ್ಕಾರದವನು, ನನಗೂ ಜರಡಿ ಇತ್ತು. ನನ್ನ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯಬೇಕಾದವರು ಕಾಮಾ ಸಾಹೇಬರು. ಮೂವರು ಒಬ್ಬರಾದರೆ ಅವರ ದೊಡ್ಡ ಲೇಖನಕ್ಕೆ ಏನಾಗುತ್ತದೆಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವರು ಬೇರೆಯದನ್ನೇ ಕೇಳಿದರು.

“ಮಾಣಿಕಪ್ಪ, ಈ ಪಟ್ಟಿ ನಿಯಮದ ಪ್ರಕಾರ ಇದೆಯೇ?”

“ಅದರಿ” ಎಂದೆ.

ಅಷ್ಟೇ ಅಂದದ್ದು. ಸುಳ್ಳಲ್ಲ, ನಿಯಮದ ಪ್ರಕಾರವೇ ಇತ್ತು. ಘಾಳೆಪ್ಪ ಅಧಿಕಾರಿಗೂ, ಸಾಹೇಬರಿಗೂ ಕೈ ಮುಗಿದು ಹೋದರು. ದಿನಗೂಲಿಯ ಕಾಗದಕ್ಕೆ ಅವರು ಸಹಿ ಹಾಕಲಿಲ್ಲ. ಆರು ಗಡಿಗೆಗಳನ್ನು ಕಚೇರಿಯಲ್ಲೇ ಬಿಟ್ಟು ಸಂತಪುರಕ್ಕೆ ಹೋದರೆಂದು ಕೇಳಿದೆ. ಮರುದಿನ ನನ್ನ ಕಡತ ನೋಡಿದರು. ನಾನು ಕಾಯಂ ಆದೆ.

ದೊಡ್ಡ ಲೇಖನ ಅಚ್ಚಾಯಿತು, ಹೊಗಳಿಕೆ ಬಂತು. ಹೊರಗಿನ ಪತ್ರಿಕೆಗಳೂ ಶರಣಪ್ಪ, ಸಂತಪುರೆ, ಘಾಳೆಪ್ಪ ಎಂಬ ಮೂವರು ಪಂಡಿತರನ್ನು ಉಲ್ಲೇಖಿಸತೊಡಗಿದವು. ತೊಗರಿಯ ಮೇಲೆ ಬರೆಯುವವರಿಗೆಲ್ಲ ಅವರು ಬೇಕಾದರು. ಹೈದರಾಬಾದ್ ರಾಜ್ಯ ಒಡೆದು ನಾವು ಕನ್ನಡದ ಕಡೆಗೆ ಬಂದಾಗ ಕಾಮಾ ಸಾಹೇಬರು ನಿಯಮಾವಳಿ ನನಗೆ ಕೊಟ್ಟು ತಮ್ಮ ಕಡೆ ಹೋದರು. ಪತ್ರಿಕೆ ನನ್ನ ಕೈಗೆ ಬಂತು. ಹೆದರಲು ಇನ್ನು ಯಾರೂ ಇರಲಿಲ್ಲ. ಆದರೂ ತಿದ್ದುಪಡಿ ಹಾಕಲು ನನಗೆ ಎರಡು ವರ್ಷ ಹಿಡಿಯಿತು. ಹೆದರಿಕೆಗೂ ಪಿಂಚಣಿ ಸಿಗುವವರೆಗೆ ನೌಕರಿ ಮಾಡುವ ಚಟವಿರುತ್ತದೆ.

ಕೊನೆಗೆ ಒಂದು ಸಂಚಿಕೆಯ ಕೊನೆಯ ಪುಟದಲ್ಲಿ ಮೂರು ಸಾಲು ಹಾಕಿದೆ: ಇಂಥ ಲೇಖನದ ಪಟ್ಟಿಯಲ್ಲಿರುವ ಶರಣಪ್ಪ, ಸಂತಪುರೆ, ಘಾಳೆಪ್ಪ ಈ ಮೂವರೂ ಸಂತಪುರದ ಘಾಳೆಪ್ಪ ಶರಣಪ್ಪ ಎಂಬ ಒಬ್ಬರೇ, ಓದುಗರು ತಿದ್ದಿಕೊಳ್ಳಬೇಕು. ಕಾಮಾಗಳನ್ನು ಎರಡೆರಡು ಸಲ ನೋಡಿದೆ. ಹೊಸಬರಿಗೆ ಒಂದು ಮಾತು ಹೇಳುತ್ತೇನೆ: ಪಟ್ಟಿಯಲ್ಲಿ ಒಂದೇ ಊರಿನ ವಾಸನೆ ಇರುವ ಹೆಸರುಗಳು ಕಂಡರೆ ಬಸ್ಸು ಹತ್ತಿ ಆ ಊರಿಗೆ ಹೋಗಿ ಕೇಳಿ. ನಿಯಮಾವಳಿಯಲ್ಲಿ ಬಸ್ಸಿನ ವಿಷಯ ಬರೆದಿಲ್ಲ.

ಆ ಸಂಚಿಕೆ ಹಿಡಿದು ನಾನೂ ಔರಾದ ಬಸ್ಸು ಹತ್ತಿ ಸಂತಪುರದಲ್ಲಿ ಇಳಿದೆ. ಘಾಳೆಪ್ಪ ತಮ್ಮ ಹೊಲದ ಬದುವಿನ ಮೇಲೆ ಕೂತು ಕುಡಗೋಲು ಮಸೆಯುತ್ತಿದ್ದರು. ಕೂದಲು ಬೆಳ್ಳಗಾಗಿದ್ದವು. ನನ್ನನ್ನು ನೋಡಿ ಎದ್ದು ನಿಂತರು.

“ಬರ್ರಿ ಮಾಣಿಕಪ್ಪನೋರ, ಕೂಡ್ರಿ. ಇಷ್ಟ ದೂರ ಬಂದೀರಿ.”

ತಮ್ಮಾ ಎನ್ನುತ್ತಾರೆಂದು ನಾನು ದಾರಿಯುದ್ದಕ್ಕೂ ಎದುರು ನೋಡಿದ್ದೆ. ಆ ‘ರಿ’ ಎದೆಗೆ ನಾಟಿತು. ಮೊದಲು ರೊಟ್ಟಿ ಕೊಟ್ಟರು. ಜೊತೆಗೆ ಶೇಂಗಾ ಚಟ್ನಿಯ ಹಿಂಡಿ, ಉಳ್ಳಾಗಡ್ಡಿ. ತಿಂದಾದ ಮೇಲೆ ಸಂಚಿಕೆ ಬಿಚ್ಚಿ, ತಿದ್ದುಪಡಿಯನ್ನು ಕನ್ನಡದಲ್ಲಿ ಓದಿ ಹೇಳಿದೆ. ಸಮಾಧಾನವಾಗಿ ಪೂರ್ತಿ ಕೇಳಿದರು. ಎರಡನೆಯ ಸಲ ಓದಿಸಿದರು.

“ಇದು ಯಾರ್ ಯಾರಿಗಿ ಹೋಗ್ತದ್ರಿ?”

“ಓದುಗರಿಗೆಲ್ಲಾ ಕಾಕಾ. ದಿಲ್ಲಿತನ, ವಿಲಾಯತಿತನ.”

“ಅಷ್ಟ ದೂರ ಯಾಕ ಕಳಸ್ತೀರಿ? ಅವತ್ತ ಖೋಲ್ಯಾಗ ನಾನೂ ನೀವೂ ಬಿಟ್ರ ಇಬ್ಬರೇ ಇದ್ರು. ಅವರಿಗಿ ಹೇಳಿದ್ರ ಆಗ್ತಿತ್ತಲ್ರಿ.”

ಸಂಚಿಕೆಯನ್ನು ಅವರ ಕೈಗಿಟ್ಟೆ. ಅವರು ಅದನ್ನು ನೀಟಾಗಿ ಮಡಚಿ, ಧೂಳು ಕೊಡವಿ, ನನ್ನ ತೊಡೆಯ ಮೇಲೆಯೇ ಇಟ್ಟರು.

“ನೀವೇ ಇಟ್ಕೋರಿ. ನಾ ಒಬ್ಬನೇ ಇದ್ದೀನಂತ ನನಗ ಗೊತ್ತಿತ್ತು.”